ಮೂರು ನಿಮಿಷದ ಸಾಲು

ಒಬ್ಬ ಮನುಷ್ಯ ಆಕ್ಲೆಂಡಿನಿಂದ ಬಂದಿಳಿದರೆ ಅವನನ್ನು ಕರೆದೊಯ್ಯಲು ನಮ್ಮ ಸಮೋವಾದಲ್ಲಿ ನಲವತ್ತು ಜನ ಬರುತ್ತಾರೆ. ಅಜ್ಜಿ ಬರುತ್ತಾಳೆ, ಅಜ್ಜಿಯ ಕುರ್ಚಿ ಬರುತ್ತದೆ, ಚರ್ಚಿನ ಹಾಡುವವರು ಗಿಟಾರಿನ ಸಮೇತ ಬರುತ್ತಾರೆ. ಊರ ಬಸ್ಸನ್ನು ಏರ್‌ಪೋರ್ಟಿನ ಬಾಗಿಲಿಗೇ ತಂದು ನಿಲ್ಲಿಸಿ ಡ್ರೈವರ್ ಎಲ್ಲೋ ಮಾಯವಾಗುತ್ತಾನೆ. ಇವರನ್ನೆಲ್ಲ ಹುಡುಕಿ, ಹತ್ತಿಸಿ, ಕಳಿಸಿ, ಜಾಗ ಖಾಲಿ ಮಾಡಿಸುವುದು ನನ್ನ ಕೆಲಸ. ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ಹೆಸರು ಮೊಯೆಲಾಂಗಿ. ಟ್ಯಾಕ್ಸಿಯವರು ಮಾತ್ರ ನನ್ನನ್ನು ಸೀಟಿಯಮ್ಮ ಎನ್ನುತ್ತಾರೆ, ಅದೂ ನಾನು ಬೆನ್ನು ತಿರುಗಿಸಿದ ಮೇಲೆ.

ಬಾಗಿಲ ಮುಂದಿನ ಸಾಲಿನಲ್ಲಿ ಯಾವ ಗಾಡಿಯೂ ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಹಾಗಿಲ್ಲ. ಈ ನಿಯಮ ಮಾಡಿದ್ದು ನಾನೇ, ಮೇಲಿನವರು ಸಹಿ ಹಾಕಿದರು ಅಷ್ಟೆ. ಹೋಟೆಲ್ ವ್ಯಾನುಗಳಿಗೆ ಎಡಗಡೆ, ಟ್ಯಾಕ್ಸಿಗಳಿಗೆ ಬಲಗಡೆ, ಊರ ಬಸ್ಸುಗಳಿಗೆ ಆಚೆ ಜೀಗುಜ್ಜೆ ಮರದ ಕೆಳಗೆ ಜಾಗ ಮಾಡಿಕೊಟ್ಟಿದ್ದೇನೆ. ಬಸ್ಸಿನವರಿಗೆ ಆ ಮರದ ನೆರಳು ಕಂಡರಾಗದು.

ಆ ಶನಿವಾರ ಇಪ್ಪತ್ತು ನಿಮಿಷದ ಅಂತರದಲ್ಲಿ ಎರಡು ವಿಮಾನ ಇಳಿದವು. ದಕ್ಷಿಣ ಕರಾವಳಿಯ ಒಂದು ಊರಿನವರು ನೀಲಿ ಹಳದಿ ಬಣ್ಣದ ಬಸ್ಸನ್ನು ಸರಿಯಾಗಿ ಬಾಗಿಲಿಗೇ ತಂದು ನಿಲ್ಲಿಸಿದ್ದರು. ಅವರ ಮುಂದಾಳು ಸೇವುಲಿ. ಊರಿನ ಪರವಾಗಿ ಸಭೆಯಲ್ಲಿ ಮಾತಾಡುವ ಯಜಮಾನ, ಎದ್ದು ನಿಂತರೆ ಗಂಟೆಗೆ ಮುಂಚೆ ಕೂರುವವನಲ್ಲ ಎಂದು ದ್ವೀಪಕ್ಕೆಲ್ಲ ಹೆಸರು. ಕಣ್ಣಿನ ಪೊರೆ ತೆಗೆಯಲು ಯಾರೋ ದೊಡ್ಡ ಡಾಕ್ಟರು ಬರುತ್ತಾರಂತೆ, ಅವರ ಸ್ವಾಗತಕ್ಕೆ ಬಂದಿದ್ದರು.

"ಯಜಮಾನ್ರೇ, ಏಳು ನಿಮಿಷ ಆಯ್ತು. ಬಸ್ಸು ಮರದ ಕೆಳಗೆ ಹಾಕ್ಸಿ."

"ಅತಿಥಿ ಬಂದ ತಕ್ಷಣ ಹೊರಟ್ವಿ ತಾಯಿ."

"ಅತಿಥಿ ನಡ್ಕೊಂಡು ಮರದ ತನಕ ಬರಲ್ವಾ? ಕಾಲಿಗೇನಾಗಿದೆ?"

ಸೇವುಲಿ ನನ್ನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ನೆಲ ಕೆರೆಯುತ್ತಾ ನಿಲ್ಲುತ್ತಿದ್ದರು. "ಕಣ್ಣು ಕೊಡೋಕೆ ಬರ್ತಿರೋವ್ರನ್ನ ಬಿಸಿಲಲ್ಲಿ ನಡೆಸ್ಲಾ?" ಎಂದ. ಹಿಂದೆ ಮೂರು ಹೋಟೆಲ್ ವ್ಯಾನುಗಳು ಹಾರ್ನ್ ಹೊಡೆಯುತ್ತಿದ್ದವು. ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಅಷ್ಟರಲ್ಲಿ ಬಾಗಿಲು ತೆರೆದು ಒಬ್ಬರು ಹೊರಗೆ ಬಂದರು. ಅರವತ್ತರ ಹತ್ತಿರದ ವಯಸ್ಸು, ನರೆತ ಕೂದಲು, ಕಪ್ಪು ಕೋಟು, ಸೊಂಟಕ್ಕೆ ಪಂಚೆಯಂತೆ ಸುತ್ತಿದ ಕಪ್ಪು ಲಾವಾಲಾವಾ, ನೆಟ್ಟಗಿನ ಬೆನ್ನು. ಡಾಕ್ಟರಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಗಿಟಾರು ಶುರುವಾಯಿತು. ಹೆಂಗಸರು ಒಬ್ಬರಾದ ಮೇಲೊಬ್ಬರು ಹಾರ ಹಾಕಿ, ಹಾರದ ನಡುವೆ ಅವರ ಕಣ್ಣುಗಳಷ್ಟೇ ಕಾಣುವ ಹಾಗೆ ಮಾಡಿದರು. ಹೆಸರು ಯಾರೂ ಕೇಳಲಿಲ್ಲ. ಬಂದ ಅತಿಥಿಯನ್ನು ನೀನು ಯಾರು ಎಂದು ಕೇಳುವಷ್ಟು ಕೆಟ್ಟ ಬುದ್ಧಿ ನಮ್ಮ ಜನಕ್ಕೆ ಇನ್ನೂ ಬಂದಿಲ್ಲ.

ಬಸ್ಸಿನ ಮೆಟ್ಟಿಲ ಹತ್ತಿರ ಆ ಮನುಷ್ಯ ನಿಂತು, ನನ್ನ ಕಡೆ ತಿರುಗಿ, ಮೆಲ್ಲನೆ ಕೇಳಿದರು. "ಅಮ್ಮಾ, ಇವ್ರೆಲ್ಲ ಎಲ್ಲಿಂದ…"

"ಹತ್ತಿ ಹತ್ತಿ! ದಾರೀಲಿ ಮಾತಾಡ್ಕೊಳ್ಳಿ, ಹನ್ನೊಂದು ನಿಮಿಷ ಆಗೋಯ್ತು!"

ಅವರ ಬೆನ್ನಿಗೆ ಕೈ ಕೊಟ್ಟು ಹತ್ತಿಸಿದವಳು ನಾನು. ಪೆಟ್ಟಿಗೆಯನ್ನು ಒಳಗೆ ತಳ್ಳಿದವಳೂ ನಾನು. ಬಸ್ಸು ಹೊರಟಿತು, ಸಾಲು ಖಾಲಿಯಾಯಿತು. ಎಷ್ಟು ಸಂತೋಷವಾಯಿತೆಂದರೆ ಹೋಗಿ ಒಂದು ಎಳನೀರು ಕುಡಿದೆ.

ಎಳನೀರಿನ ರುಚಿ ಅರ್ಧ ಗಂಟೆ ಇತ್ತು. ಎರಡಕ್ಕೆ ಹತ್ತು ನಿಮಿಷ ಇರುವಾಗ ಗಿಡ್ಡ ಕೂದಲಿನ ಒಬ್ಬ ಹೆಣ್ಣುಮಗಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಮೂವತ್ತೈದು ದಾಟಿರಲಿಲ್ಲ. ಹಿಂದೆ ತಳ್ಳುಗಾಡಿಯಲ್ಲಿ ಮೂರು ತಗಡಿನ ಪೆಟ್ಟಿಗೆಗಳಿದ್ದವು.

"ನಮಸ್ಕಾರ ಅಕ್ಕ. ಕಸ್ಟಮ್ಸ್‌ನವ್ರು ನನ್ನ ಪೆಟ್ಟಿಗೆ ಎಲ್ಲಾ ಬಿಚ್ಚಿ ನೋಡ್ತಾ ಕೂತ್ರು, ತಡ ಆಯ್ತು. ನನ್ನ ಕರ್ಕೊಂಡು ಹೋಗೋಕೆ ಒಂದು ಊರಿನವ್ರು ಬಸ್ಸು ತರ್ತೀವಿ ಅಂದಿದ್ರು. ನಾನು ಡಾಕ್ಟರ್ ಫುವಾಟಿನೊ. ಕಣ್ಣಿನ ಡಾಕ್ಟರ್."

ತಪ್ಪು ಮನುಷ್ಯನನ್ನು ಬಸ್ಸಿಗೆ ಹತ್ತಿಸಿದ್ದೇನೆಂದು ಗೊತ್ತಾಯಿತು. ಆದರೂ ಆಗ ನನಗೆ ಅನ್ನಿಸಿದ್ದು ಇಷ್ಟೇ: ಯಾರೋ ಒಬ್ಬರಿಗೆ ಪುಕ್ಕಟೆ ಊಟ ಸಿಕ್ಕಿತು, ಇನ್ನೊಬ್ಬರಿಗೆ ಟ್ಯಾಕ್ಸಿ ಮಾಡಿಕೊಟ್ಟರಾಯಿತು, ಸಂಜೆ ಎಲ್ಲರೂ ನಗುತ್ತಾರೆ. ನಗಲು ಸಾಧ್ಯವಿಲ್ಲ ಎಂದು ತಿಳಿದದ್ದು ಐದು ನಿಮಿಷದ ನಂತರ. ನಲವತ್ತರ ಆಸುಪಾಸಿನ ಒಬ್ಬಳು ಪಾರ್ಕಿಂಗಿನ ಕಡೆಯಿಂದ ಕೆನ್ನೆಯ ಮೇಲೆ ಸೀಟಿನ ಗೆರೆ ಮೂಡಿಸಿಕೊಂಡು ಓಡಿಬಂದಳು. ತಲೋಸಾಂಗಾ ಎಂದು ಹೆಸರು ಹೇಳಿದಳು.

"ಅಕ್ಕಾ, ಆಕ್ಲೆಂಡ್ ವಿಮಾನ ಬಂದೋಯ್ತಾ? ಬೆಳಿಗ್ಗೆ ಮೊದಲ್ನೇ ಹಡಗಲ್ಲಿ ಸವಾಯಿ ದ್ವೀಪದಿಂದ ಪಿಕಪ್ ತಂದಿದ್ದೆ. ಒಂದು ಗಳಿಗೆ ಕಣ್ಣು ಮುಚ್ಚೋಣ ಅಂತ ಒರಗಿದ್ದು, ಹೆಣದ ಹಾಗೆ ಮಲಗ್ಬಿಟ್ಟಿದೀನಿ. ನಮ್ಮ ಮಾವನ್ನ ನೋಡಿದ್ರಾ? ಫಿಲೆಮೋನಿ ಅಂತ. ಕಪ್ಪು ಕೋಟು ಹಾಕ್ಕೊಂಡು ಬರ್ತೀನಿ ಅಂದಿದ್ರು."

ಅವಳೇ ಹೇಳುತ್ತಾ ಹೋದಳು. ಮಾವ ದೇಶ ಬಿಟ್ಟು ಇಪ್ಪತ್ತೆರಡು ವರ್ಷ. ಅಲ್ಲಿ ಮಾಂಸದ ಕಾರ್ಖಾನೆಯಲ್ಲಿ ಕೆಲಸ. ಅವಳ ತಾಯಿ ಆಕೆನೆಸೆ, ಈ ತಮ್ಮನನ್ನು ಮಗುವಿನಿಂದ ಸಾಕಿದ ಅಕ್ಕ, ಸವಾಯಿಯಲ್ಲಿ ಹಾಸಿಗೆ ಹಿಡಿದಿದ್ದಾಳೆ. ಮೂರು ದಿನದಿಂದ ಒಂದು ಮಾತಿಲ್ಲ, ಒಂದು ಗುಟುಕು ನೀರು ಇಳಿದಿಲ್ಲ. ನಾಳೆ ಬೆಳಗಿನ ತನಕ ಇರುವುದು ಕಷ್ಟ ಎಂದು ನರ್ಸು ಹೇಳಿದ್ದಾಳೆ.

"ನಾಲ್ಕಕ್ಕೆ ಕೊನೇ ಹಡಗು ಅಕ್ಕ. ನಾಳೆ ಭಾನುವಾರ, ಮಧ್ಯಾಹ್ನದ ತನಕ ಹಡಗಿಲ್ಲ. ಅಷ್ಟು ಹೊತ್ತು ಅಮ್ಮ ಕಾಯಲ್ಲ."

ಆ ಮನುಷ್ಯ ಮೆಟ್ಟಿಲ ಮೇಲೆ ನಿಂತು ನನ್ನನ್ನೇ ಕೇಳಿದ್ದರು. ಇವರೆಲ್ಲ ಎಲ್ಲಿಂದ ಎಂದು ಕೇಳಿದ ಒಬ್ಬರ ಬಾಯಿಯನ್ನು ನಾನು ಕೂಗಿ ಮುಚ್ಚಿಸಿದ್ದೆ. ನಾಚಿಕೆ ಎಂದರೆ ಏನೆಂದು ಆ ದಿನ ನನಗೆ ಗೊತ್ತಾಯಿತು.

"ತಲೋಸಾಂಗಾ, ನಿನ್ನ ಪಿಕಪ್ ತಗೊಂಡು ನೇರ ಹಡಗುಕಟ್ಟೆಗೆ ಹೋಗು. ಸಾಲಲ್ಲಿ ನಿಲ್ಲಿಸ್ಕೋ. ನಿಮ್ಮ ಮಾವನ್ನ ನಾನು ಅಲ್ಲಿಗೆ ತರ್ತೀನಿ."

"ಎಲ್ಲಿದಾರೆ ಅವ್ರು?"

"ಕೇಳ್ಬೇಡ. ಹೋಗು."

ಫೋನು ಮಾಡಿದೆ. ಬಸ್ಸಿನ ಡ್ರೈವರ್ ಎತ್ತಲಿಲ್ಲ. ಡಾಕ್ಟರ ಹತ್ತಿರ ಊರಿನ ಪಾದ್ರಿಯ ನಂಬರಿತ್ತು, ಅದು ಸ್ವಿಚ್ ಆಫ್. ಸಭೆಗೆ ಜನ ಸೇರಿದ್ದಾರೆ ಎಂದರ್ಥ. ಟ್ಯಾಕ್ಸಿ ಸಾಲಿನ ಮೊದಲ ಗಾಡಿ ಅಪೆರಾಮೊನದು. ಎಪ್ಪತ್ತು ವರ್ಷ, ತನ್ನ ಊರಿನಲ್ಲಿ ಅವನೂ ಒಬ್ಬ ಯಜಮಾನನೇ, ಮನೆತನದ ಪದವಿ ಇದೆ, ಇಲ್ಲಿ ಮಾತ್ರ ನನ್ನ ಸೀಟಿಗೆ ಗಾಡಿ ಮುಂದೆ ಹಾಕುತ್ತಾನೆ. ವಿಷಯ ಹೇಳಿದೆ. ಡಾಕ್ಟರನ್ನೂ ಅವರ ಪೆಟ್ಟಿಗೆಗಳನ್ನೂ ಹಿಂದಕ್ಕೆ ತುಂಬಿದೆವು. ಹೊರಟಾಗ ಎರಡೂ ಐದು.

"ಆ ಊರು ಗುಡ್ಡದ ಆ ಕಡೆ. ಬಸ್ಸಿಗೆ ಒಂದು ಗಂಟೆ ಬೇಕು," ಎಂದ ಅಪೆರಾಮೊ.

"ನಿಂಗೆಷ್ಟು ಬೇಕಣ್ಣಾ?"

"ನೀನು ಬಾಯಿ ಮುಚ್ಕೊಂಡು ಕೂತ್ರೆ ನಲವತ್ತು ನಿಮಿಷ."

ನಾನು ಬಾಯಿ ಮುಚ್ಚಿಕೊಂಡು ಕೂತೆ. ಗುಡ್ಡದ ತಿರುವುಗಳಲ್ಲಿ ಡಾಕ್ಟರ ಪೆಟ್ಟಿಗೆಗಳು ನನ್ನ ಕುತ್ತಿಗೆಗೆ ಬಡಿಯುತ್ತಿದ್ದವು. ಬಡಿಯಲಿ ಅನ್ನಿಸಿತು.

ಊರು ತಲುಪಿದಾಗ ನಾನು ಹೆದರಿದ್ದೇ ಆಗಿತ್ತು. ಸಭಾಮನೆಯ ಕಂಬಕಂಬಕ್ಕೂ ಒಬ್ಬೊಬ್ಬ ಯಜಮಾನ ಒರಗಿ ಕೂತಿದ್ದ. ಅತಿಥಿಯ ಕಂಬದ ಹತ್ತಿರ ಹಾರಗಳ ಮಧ್ಯೆ ಫಿಲೆಮೋನಿ. ನಡುವೆ ಅತಿಥಿಗೆ ಕೊಡುವ ಬೇರಿನ ಪಾನೀಯ ಆವಾ ಕಲಸುವ ಮರದ ಬೋಗುಣಿ. ಸೇವುಲಿ ಎದ್ದು ನಿಂತು, ಕೋಲು ಊರಿ, ಭಾಷಣ ಶುರುಮಾಡಿದ್ದ. ಹೊರಗೆ ಕಣ್ಣಿಗೆ ಪೊರೆ ಬಂದ ಅಜ್ಜಿಯರು ಸಾಲಾಗಿ ಚಾಪೆಯ ಮೇಲೆ ಕಾಯುತ್ತಿದ್ದರು.

"ಕತ್ತಿ ಹಿಡಿದೂ ನೋವು ಮಾಡದ ಆ ಕೈಗಳು!" ಎಂದು ಸೇವುಲಿ ಗುಡುಗುತ್ತಿದ್ದ. ಇಪ್ಪತ್ತೆರಡು ವರ್ಷ ಕುರಿ ಕಡಿದ ಆ ಮನುಷ್ಯ ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

ನಾನು ಹೋಗಿ ನಿಲ್ಲಿಸಿ ಎನ್ನುವ ಹಾಗಿರಲಿಲ್ಲ. ಆವಾ ಸಭೆಯಲ್ಲಿ ಯಜಮಾನನ ಮಾತಿಗೆ ಅಡ್ಡ ಬಾಯಿ ಹಾಕಿದರೆ ನನ್ನ ಊರಿಗೇ ದಂಡ ಬೀಳುತ್ತದೆ. ಅದಕ್ಕಿಂತ ಮೊದಲು, ನನ್ನ ಮಾತು ಯಾರೂ ಕೇಳುವುದಿಲ್ಲ. ಪದವಿ ಇಲ್ಲದ ಹೆಂಗಸು, ಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು. ಗಡಿಯಾರದಲ್ಲಿ ಮೂರಕ್ಕೆ ಹದಿಮೂರು ನಿಮಿಷ ಕಡಿಮೆ. ಮೂರೂ ಹತ್ತಕ್ಕೆ ಇಲ್ಲಿಂದ ಕದಲದಿದ್ದರೆ ಹಡಗು ಸಿಗುವುದಿಲ್ಲ.

"ಅಣ್ಣಾ, ನಿನ್ನ ಡಿಕ್ಕೀಲಿ ಮನೆತನದ ಚಾಪೆ ಇದೆಯಲ್ಲ, ತಂಗಿ ಮಗಳ ಮದುವೇದು?"

ಅಪೆರಾಮೊ ನನ್ನ ಮುಖ ನೋಡಿದ. "ಏನ್ ಹುಚ್ಚು ಹಿಡಿದಿದೆಯಾ ನಿಂಗೆ? ಇಫೊಂಗಾ ಕೂರ್ತೀಯಾ? ಪಾರ್ಕಿಂಗ್ ವಿಷಯಕ್ಕೆ?"

ಅವನು ಹೇಳಿದ್ದು ನಿಜ. ಇಫೊಂಗಾ ಕೂರುವುದು ಕೊಲೆಯಾದಾಗ, ಹೆಣ್ಣಿನ ಮಾನಕ್ಕೆ ಕೈ ಹಾಕಿದಾಗ. ತಪ್ಪು ಮಾಡಿದವರು ನೊಂದವರ ಮನೆ ಮುಂದೆ ಚಾಪೆ ಹೊದ್ದು ತಲೆ ತಗ್ಗಿಸಿ ಕೂರುತ್ತಾರೆ. ಒಳಗಿನವರು ಬಂದು ಚಾಪೆ ಎತ್ತಿದರೆ ಕ್ಷಮೆ ಸಿಕ್ಕಿತು, ಎತ್ತದಿದ್ದರೆ ಕಲ್ಲೇಟೂ ಬೀಳಬಹುದು. ಆದರೆ ಹೊರಗೆ ಇಫೊಂಗಾ ಕೂತಿರುವಾಗ ಒಳಗೆ ಯಾವ ಭಾಷಣವೂ ನಡೆಯುವುದಿಲ್ಲ. ಅದೊಂದು ನನಗೆ ಗೊತ್ತಿತ್ತು.

"ಸಾಯೋ ಅಕ್ಕನ್ನ ನೋಡೋಕೆ ಬಂದವ್ರನ್ನ ನಾನು ತಪ್ಪು ಬಸ್ಸಿಗೆ ದಬ್ಬಿದೀನಿ. ಇದು ಸಣ್ಣ ತಪ್ಪಾ, ನೀನೇ ಹೇಳು."

ಅವನು ಹೋಗಿ ಡಿಕ್ಕಿ ತೆಗೆದ. ನಾನು ಪ್ಯಾಂಟಿನ ಮೇಲೆ ಅವನದೊಂದು ಲಾವಾಲಾವಾ ಸುತ್ತಿಕೊಂಡು ಸಭಾಮನೆಯ ಎದುರಿನ ಹುಲ್ಲಿನಲ್ಲಿ ಕಾಲು ಮಡಿಸಿ ಕೂತೆ. ಚಾಪೆ ತಲೆಯ ಮೇಲೆ ಬಿತ್ತು. ಮರುಗಳಿಗೆ ಪಕ್ಕದಲ್ಲಿ ಮೊಣಕಾಲು ಲಟಕ್ಕೆಂದ ಸದ್ದು, ಚಾಪೆಯ ಇನ್ನೊಂದು ತುದಿ ಎಳೆದುಕೊಂಡ ಸದ್ದು. ಅಪೆರಾಮೊ ಕೂತಿದ್ದ.

"ನೀನ್ಯಾಕಣ್ಣಾ?"

"ಬರೀ ಹೆಂಗಸು ಕೂತ್ರೆ ತಮಾಷೆ ಅನ್ಕೋತಾರೆ. ಸುಮ್ನಿರು."

ಚಾಪೆಯೊಳಗೆ ಕತ್ತಲು, ಸೆಕೆ, ಒಣಗಿದ ಗರಿಯ ವಾಸನೆ. ಸೇವುಲಿಯ ಧ್ವನಿ ಒಂದು ವಾಕ್ಯದ ಅರ್ಧಕ್ಕೆ ನಿಂತಿತು. ಯಾರೋ "ಯಾರನ್ನ ಕೊಂದ್ರಂತೆ?" ಎಂದರು. ಒಬ್ಬ ಅಜ್ಜಿ ಅಳಲು ಶುರುಮಾಡಿದಳು. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ, ಗಡಿಯಾರ ನೋಡುವಷ್ಟು ಬೆಳಕಿರಲಿಲ್ಲ. ಜನರನ್ನು ನಿಮಿಷ ಎಣಿಸಿ ಓಡಿಸುವ ನಾನು, ಯಾರಾದರೂ ಬಂದು ಎತ್ತಲಿ ಎಂದು ಬೆವರುತ್ತಾ ಕೂತಿದ್ದೆ. ದೇವರೇ, ಆ ತಾಯಿ ಇನ್ನೊಂದು ರಾತ್ರಿ ತಡೆಯಲಿ ಎಂದು ಬೇಡಿಕೊಂಡೆ. ಬೇರೆ ಏನೂ ತೋಚಲಿಲ್ಲ.

ಬೆಳಕು ಬಿತ್ತು. ಚಾಪೆ ಎತ್ತಿದವರು ಸೇವುಲಿಯಲ್ಲ, ಫಿಲೆಮೋನಿ. ಚಾಪೆಯ ಕೆಳಗೆ ಇಣುಕುತ್ತಿದ್ದ ಕಿತ್ತಳೆ ಜಾಕೆಟ್ಟನ್ನು ಅವರೊಬ್ಬರೇ ಗುರುತು ಹಿಡಿದಿದ್ದರು.

"ಏಳಮ್ಮಾ," ಎಂದರು. "ತಪ್ಪು ನಂದೂ ಇದೆ."

ನಾನು ಉಸಿರು ಕಟ್ಟಿಕೊಂಡು ಎಲ್ಲ ಹೇಳಿದೆ. ಸವಾಯಿ, ತಲೋಸಾಂಗಾ, ನಾಲ್ಕರ ಹಡಗು, ಕಾರಿನ ಪಕ್ಕ ನಿಂತಿರುವ ಗಿಡ್ಡ ಕೂದಲಿನ ಡಾಕ್ಟರು. ಸೇವುಲಿಯ ಕೋಲು ಗಾಳಿಯಲ್ಲೇ ಇತ್ತು.

ಫಿಲೆಮೋನಿ ಸೇವುಲಿಯ ಕಡೆ ತಿರುಗಿದರು. "ಯಜಮಾನ್ರೇ, ಇಪ್ಪತ್ತೆರಡು ವರ್ಷ ಆಯ್ತು ನಾನು ಊರು ಬಿಟ್ಟು. ಹೊರಗೆ ಬಂದೆ, ನೀವೆಲ್ಲ ಹಾಡ್ತಾ ನಿಂತಿದ್ರಿ. ನಮ್ಮ ಮನೇಲಿ ಎಷ್ಟೊಂದು ಮಕ್ಕಳು ಹುಟ್ಟಿದಾವಪ್ಪಾ ಅಂತ ಖುಷಿಯಾಯ್ತು. ಒಬ್ಬರ ಗುರುತೂ ಹತ್ತಲಿಲ್ಲ. ನೀವ್ಯಾರು ಅಂತ ಕೇಳೋಕೆ ನಾಚ್ಕೆ ಆಯ್ತು. ಬಸ್ಸು ಹಡಗುಕಟ್ಟೆಯ ದಾರಿ ಬಿಟ್ಟು ಗುಡ್ಡ ಹತ್ತಿದಾಗ, ಇನ್ನೂ ಯಾರನ್ನೋ ಕರ್ಕೊಂಡು ಹೋಗ್ಬೇಕೇನೋ ಅಂದ್ಕೊಂಡೆ. ಆವಾ ಬಟ್ಟಲು ಕೈಗೆ ಬಂದಾಗ ಗೊತ್ತಾಯ್ತು, ಇದು ನಮ್ಮ ಮನೆ ಅಲ್ಲ ಅಂತ. ಅಷ್ಟೊತ್ತಿಗೆ ನೀವು ಎದ್ದು ನಿಂತಿದ್ರಿ. ನಿಮ್ಮ ಮಾತು ಮುಗೀಲಿ, ಆಮೇಲೆ ಹೇಳೋಣ ಅಂತ ಕೂತೆ."

"ನನ್ನ ಮಾತು ಮುಗಿಯೋದು ಸಂಜೆಗೆ," ಎಂದ ಸೇವುಲಿ. ಅವನ ಮುಖ ಸಣ್ಣದಾಗಿತ್ತು. "ಹೆಸರು ಕೇಳ್ದೆ ಹಾರ ಹಾಕಿದ್ದು ನಮ್ಮ ತಪ್ಪು. ಹೊರಡಿ."

ಅದೇ ಅವನ ಭಾಷಣ. ಅದಕ್ಕಿಂತ ಚಿಕ್ಕ ಭಾಷಣ ಅವನು ಹುಟ್ಟಿದಾಗಿನಿಂದ ಮಾಡಿಲ್ಲ ಎಂದು ಆ ಊರಿನವರು ಈಗಲೂ ಹೇಳುತ್ತಾರೆ. ಯಾವುದೋ ಮೂಲೆಯಲ್ಲಿ ಒಬ್ಬಳು ಕಿಸಕ್ಕೆಂದಳು, ಆಮೇಲೆ ಸಭೆಗೆ ಸಭೆಯೇ ನಕ್ಕಿತು. ಫಿಲೆಮೋನಿ ಹಾರಗಳನ್ನೆಲ್ಲ ಒಂದೊಂದಾಗಿ ತೆಗೆದು ಡಾಕ್ಟರ ಕೊರಳಿಗೆ ಹಾಕಿದರು. ಅಜ್ಜಿಯರು ಆ ಹೆಣ್ಣುಮಗಳ ಬೆರಳುಗಳನ್ನು ಮುಟ್ಟಿಮುಟ್ಟಿ ನೋಡಿ, "ಇದೇ ಸರಿಯಾದ ಕೈ, ಮೆತ್ತಗಿದೆ," ಎಂದರು.

ಅತಿಥಿಯನ್ನು ಬರಿಗೈಯಲ್ಲಿ ಕಳಿಸಲಾಗದು ಎಂದು ನಾಲ್ಕು ಜನ ಸುಟ್ಟ ಹಂದಿಯೊಂದನ್ನು ಹೊತ್ತು ತಂದರು.

"ಹಂದಿ ಬೇಡ! ಟೈಮಿಲ್ಲ!" ಎಂದು ನಾನು ಕಿರುಚಿದೆ.

"ಹಂದಿ ಬೇಡ ಅಂದ್ರೆ ಮನುಷ್ಯನೂ ಇಲ್ಲ," ಎಂದ ಸೇವುಲಿ. ಹಂದಿ ಹತ್ತಿತು. ಡಿಕ್ಕಿಯ ಬಾಗಿಲು ಹಾಕಲಾಗದೆ ಹಗ್ಗದಲ್ಲಿ ಕಟ್ಟಿದೆವು. ಮೂರೂ ಹದಿನಾಲ್ಕು.

ಗುಡ್ಡ ಹತ್ತುವಾಗ ಹಡಗುಕಟ್ಟೆಗೆ ಫೋನು ಮಾಡಿದೆ. ಅಲ್ಲಿ ಗಾಡಿಗಳನ್ನು ಹಡಗಿಗೆ ಹತ್ತಿಸುವವನು ಸೆಮಿಸಿ. ಹಿಂದಿನ ತಿಂಗಳು ಅವನ ಪಿಕಪ್ಪು ನನ್ನ ಸಾಲಿನಲ್ಲಿ ಅರ್ಧ ಗಂಟೆ ನಿಂತಿತ್ತೆಂದು ನಾನೇ ಚಕ್ರಕ್ಕೆ ಬೀಗ ಹಾಕಿಸಿದ್ದೆ. ಆವತ್ತಿನಿಂದ ಚರ್ಚಿನಲ್ಲಿ ಕಂಡರೂ ಮುಖ ತಿರುಗಿಸುತ್ತಿದ್ದ.

"ಸೆಮಿಸಿ, ನಾನು ಮೊಯೆಲಾಂಗಿ."

"ಯಾರು, ಸೀಟಿಯಮ್ಮನಾ? ಏನು, ಹಡಗಿಗೂ ಬೀಗ ಹಾಕ್ತೀಯಾ?"

ನಾನು ಹೇಳಿದೆ.

"ಹಡಗು ನಿಲ್ಲಿಸೋದು ನನ್ನ ಕೈಲಿಲ್ಲ, ಅದು ಕ್ಯಾಪ್ಟನ್ ಮಾತು," ಎಂದ. "ಆದ್ರೆ ಗಾಡಿ ಹತ್ತಿಸೋದು ನನ್ನ ಕೆಲಸ. ಇವತ್ತು ಒಂದೊಂದನ್ನೂ ಟೇಪ್ ಹಿಡಿದು ಅಳತೆ ಮಾಡಿ ಹತ್ತಿಸ್ತೀನಿ. ಬೇಗ ಬಾ."

ಫಿಲೆಮೋನಿ ಮುಂದಿನ ಸೀಟಿನಲ್ಲಿ ಕೈಕಟ್ಟಿ ಕೂತಿದ್ದರು. ಒಂದೇ ಒಂದು ಮಾತು ಕೇಳಿದರು. "ತಲೋಸಾಂಗಾ ಏನಾದ್ರೂ ಅಂದ್ಲಾ? ಅಕ್ಕ ಉಸಿರಾಡ್ತಿದಾಳಾ?" ನಾನು ಹೌದೆಂದೆ. ನಿಜವಾಗಿ ಆಗ ಏನಾಗಿದೆಯೋ ನನಗೇನು ಗೊತ್ತು? ಆದರೂ ಹೌದೆಂದೆ.

ಹಡಗುಕಟ್ಟೆ ತಲುಪಿದಾಗ ನಾಲ್ಕಕ್ಕೆ ಎರಡು ನಿಮಿಷ ಇತ್ತು. ತಲೋಸಾಂಗಾಳ ಪಿಕಪ್ಪು ಕೊನೆಯಲ್ಲಿ ನಿಂತಿತ್ತು. ಸೆಮಿಸಿ ಅದರ ಮುಂದೆ ಮೊಣಕಾಲೂರಿ ಟೇಪ್ ಹಿಡಿದು ಬಂಪರನ್ನು ಮೂರನೇ ಸಲ ಅಳೆಯುತ್ತಿದ್ದ. ಮೇಲಿನಿಂದ ಯಾರೋ ಅವನಿಗೆ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. ನಮ್ಮನ್ನು ಕಂಡದ್ದೇ ಟೇಪ್ ಸುತ್ತಿ, "ಸರಿ ಇದೆ, ಹಿಡಿಸುತ್ತೆ," ಎಂದು ಕೂಗಿದ. ಹಂದಿಯನ್ನು ಪಿಕಪ್ಪಿಗೆ ಎಸೆದೆವು, ತಲೋಸಾಂಗಾಗೆ ನನ್ನ ಫೋನ್ ನಂಬರು ಕೊಟ್ಟೆ. ಫಿಲೆಮೋನಿ ನನ್ನ ಎರಡೂ ಕೈ ಹಿಡಿದು ಏನೋ ಹೇಳಲು ಹೋದರು.

"ಹತ್ತಿ ಮಾವಾ," ಎಂದೆ. ಈ ಸಲ ಮೆಲ್ಲಗೆ ಹೇಳಿದೆ.

ಹಡಗಿನ ಬಾಯಿ ಮುಚ್ಚಿತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಸೆಮಿಸಿ ಒಂದು ಬಾಟಲಿ ನೀರು ತಂದುಕೊಟ್ಟು, "ನಿನ್ನ ಬೀಗಕ್ಕೆ ಕಟ್ಟಿದ ದಂಡ ವಾಪಸ್ ಕೊಡ್ತೀಯಾ?" ಎಂದ. ಕೊಡಲ್ಲ ಎಂದೆ. ಇಬ್ಬರೂ ನಕ್ಕೆವು.

ಅರ್ಧ ದಾರಿಯಷ್ಟೇ ಆಗಿದೆ ಎಂಬುದು ನನಗೆ ಗೊತ್ತಿತ್ತು. ಸಮುದ್ರ ದಾಟಲು ಒಂದೂಕಾಲು ಗಂಟೆ, ಆಮೇಲೆ ಮುಕ್ಕಾಲು ಗಂಟೆಯ ರಸ್ತೆ. ಮನೆಗೆ ಬಂದೆ, ಟಾರೊ ಗೆಡ್ಡೆ ಸುಲಿಯಲು ಕೂತೆ, ಎರಡು ಸುಲಿದು ಮೂರನೆಯದಕ್ಕೆ ಕೈ ಕೊಯ್ದುಕೊಂಡೆ. ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆದು ಊರೆಲ್ಲ ಒಳಗೆ ಸೇರಿತು. ಪ್ರಾರ್ಥನೆಯ ನಡುವೆ ಫೋನು ಬಡಿದುಕೊಂಡಿತು. ಆ ಹೊತ್ತಲ್ಲಿ ಫೋನು ತೆಗೆಯುವುದು ದೊಡ್ಡ ತಪ್ಪು. ತೆಗೆದೆ.

ತಲೋಸಾಂಗಾ ಅಳುತ್ತಿದ್ದಳು. ನನ್ನ ಜೀವ ಹಾರಿಹೋಯಿತು.

"ಇದಾಳೆ ಅಕ್ಕಾ, ಅಮ್ಮ ಇದಾಳೆ," ಎಂದಳು. "ಮಾವ ಹೋಗಿ ಕೈ ಹಿಡ್ಕೊಂಡ್ರು. ಕಣ್ಣು ಬಿಟ್ಲು. ಮೂರು ದಿನದಿಂದ ಮಾತಿಲ್ದೋಳು ಮಾತಾಡಿದ್ಲು."

"ಏನಂದ್ಲು?"

"ಊಟ ಮಾಡಿದೆಯಾ ಅಂದ್ಲು. ಮಾವ ಇಲ್ಲ ಅಂದ್ರು. ಹಡಗಲ್ಲಿ ಆ ಹಂದೀನ ಹೊಟ್ಟೆ ತುಂಬಾ ತಿಂದು ಬಂದಿದಾರೆ, ಆದ್ರೂ ಇಲ್ಲ ಅಂದ್ರು. ನನ್ನ ಕಡೆ ನೋಡಿ, ಬಂದ ಮಗೂನ ಉಪವಾಸ ಕೂರ್ಸಿದೀರಲ್ಲೇ ಅಂತ ಬೈದ್ಲು ಅಕ್ಕಾ. ನನ್ನ ಬೈದ್ಲು. ಈಗ ಹಾಸಿಗೆ ಪಕ್ಕದಲ್ಲೇ ಕೂರ್ಸಿ ತಿನ್ನಿಸ್ತಿದೀವಿ. ಅಮ್ಮ ನೋಡ್ತಾ ಇದಾಳೆ. ಮಾವ ಮೂರನೇ ತಟ್ಟೆ ತಿಂತಿದಾರೆ."